ಓಯ್ ಕೀಟ್ ಸೆಂಗ್ ಹೆಸರಿಗೆ ಬಂದ ಪೆಟ್ಟಿಗೆ

"ನನಗೆ ದುಡ್ಡು ಬೇಡ ಆಂಟಿ, ಅಪ್ಪನ ಧ್ವನಿ ಬೇಕು" ಎಂದಳು ಬೀ ಲೆಂಗ್, ಕುರ್ಚಿಯಲ್ಲಿ ಕೂರುವ ಮೊದಲೇ.

ಮಲೇಷ್ಯಾದ ಜಾರ್ಜ್‌ಟೌನಿನ ಗ್ರಾಹಕರ ದೂರು ಕಚೇರಿಗೆ ದಿನವೂ ಜನ ಬರುತ್ತಿದ್ದರು. ಕೆಟ್ಟ ಫ್ಯಾನು, ಹರಿದ ಸೋಫಾ, ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಅಂಗಿ ಹೊತ್ತು ಬಂದವರನ್ನೆಲ್ಲ ಗುಮಾಸ್ತ ಹಮ್ದಾನ್ ಕೂರಿಸಿ, ಕಾಫಿ ಕೊಟ್ಟು ಸಮಾಧಾನ ಮಾಡಿದ್ದ. ಧ್ವನಿ ಕಳೆದುಹೋಗಿದೆ ಎಂದು ಬಂದವಳು ಇವಳೇ ಮೊದಲು. ಅವನು ದೈವಾನೈ ಆಂಟಿಯ ಮುಖ ನೋಡಿದ. ಜೀವಮಾನವಿಡೀ ಕಸ್ಟಮ್ಸ್‌ನಲ್ಲಿ ಕಂಡವರ ಪೆಟ್ಟಿಗೆ ಬಿಚ್ಚಿ ನಿವೃತ್ತರಾಗಿ, ಈಗ ಇಲ್ಲಿ ದೂರು ವಿಚಾರಿಸುತ್ತಿದ್ದ ಆಂಟಿ ಯಾರ ಕಣ್ಣೀರಿಗೂ ಸುಲಭವಾಗಿ ಸೊಪ್ಪು ಹಾಕುವವರಲ್ಲ. ಅವತ್ತು ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಧಾನಕ್ಕೆ ಹೇಳಮ್ಮಾ."

ಬೀ ಲೆಂಗಳ ಅಪ್ಪ ಓಯ್ ಕೀಟ್ ಸೆಂಗ್‌ಗೆ ಗಂಟಲ ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆಯುವ ಆಪರೇಷನ್ನಿಗೆ ಮೊದಲು ಅವರು ಅಂಗೈಯಗಲದ ಯಂತ್ರವೊಂದರಲ್ಲಿ ತಮ್ಮ ಮಾತುಗಳನ್ನು ತುಂಬಿಸಿಟ್ಟಿದ್ದರು. ಆಮೇಲೆ ಗುಂಡಿ ಒತ್ತಿದರೆ ಸಾಕು, ಅವರದೇ ಗಂಟಲಿನಲ್ಲಿ "ಟೀ ಕೊಡು", "ಛತ್ರಿ ಮರೀಬೇಡ" ಎನ್ನುತ್ತಿತ್ತು. ಜೇಬಿನಿಂದ ಜಾರುತ್ತದೆಂದು ಅದರ ಉಕ್ಕಿನ ಕೊಕ್ಕೆಯನ್ನು ಇಕ್ಕಳದಲ್ಲಿ ಎರಡು ಸುತ್ತು ತಿರುಚಿಕೊಂಡಿದ್ದರು.

"ಕೊನೇ ಗುಂಡಿ ಮಾತ್ರ ನನಗೆ ಕೇಳಿಸಿರಲೇ ಇಲ್ಲ" ಎಂದಳು ಅವಳು. "ಮದುವೆ ದಿನ ನಾನು ಪದ್ಧತಿ ಪ್ರಕಾರ ಟೀ ಬಟ್ಟಲು ಕೊಟ್ಟಾಗ ಒತ್ತಬೇಕು ಅಂತ ಇಟ್ಕೊಂಡಿದ್ರು. ಅಷ್ಟರಲ್ಲಿ ಯಂತ್ರ ಕೆಟ್ಟುಹೋಯ್ತು. ಅವರೇ ಕೊರಿಯರ್‌ನಲ್ಲಿ ಜರ್ಮನಿಗೆ ಕಳಿಸಿದ್ರು, ರಿಪೇರಿಗೆ. ಅದು ವಾಪಸ್ ಬರೋದ್ರೊಳಗೆ ಅಪ್ಪನೇ ಹೋದ್ರು. ಒಂದು ಮಾತೂ ಇಲ್ಲದೆ."

ಚೀನೀಯರ ಪದ್ಧತಿಯಂತೆ ಸಾವಾದ ಮನೆಯಲ್ಲಿ ನೂರು ದಿನದೊಳಗೆ ಮದುವೆಯಾಗಬೇಕು, ಇಲ್ಲವೇ ಮೂರು ವರ್ಷ ಕಾಯಬೇಕು. ಬೀ ಲೆಂಗಳ ಮದುವೆ ಮುಂದಿನ ವಾರವಿತ್ತು.

"ಕೊರಿಯರ್‌ನವರು ಮೊದಲು ತಲುಪಿಸಿದ್ದೀವಿ ಅಂದ್ರು. ಜಗಳ ಮಾಡಿದ್ಮೇಲೆ ದಾರೀಲಿ ಕಳೆದುಹೋಯ್ತು ಅಂತಿದಾರೆ. ತೂಕ ನೋಡಿ ಪರಿಹಾರ ಕೊಡ್ತಾರಂತೆ. ನಮ್ಮಪ್ಪನ ಧ್ವನಿ ಕಾಲು ಕೇಜಿ, ಆಂಟಿ."

"ಜರ್ಮನಿಯವರ ಹತ್ರ ಆ ಮಾತುಗಳ ಪ್ರತಿ ಇಲ್ವಾ?"

"ಕೇಳಿದೆ. ರಿಪೇರಿ ಆದ್ಮೇಲೆ ಅಳಿಸಿಬಿಡ್ತಾರಂತೆ, ಅದೇ ನಿಯಮ." ಅವಳು ಚೀಲದಿಂದ ಕರಿಯ ವೈರಿನ ಸುರುಳಿಯೊಂದನ್ನು ತೆಗೆದಳು. "ಇದರ ಚಾರ್ಜರ್ ಒಂದು ಮನೇಲೇ ಉಳೀತು. ದಿನಾ ಇಟ್ಕೊಂಡು ತಿರುಗ್ತಿದೀನಿ, ಹುಚ್ಚಿ ಹಾಗೆ."

"ತಲುಪಿಸಿದ್ದೀವಿ ಅಂದ ದಿನ ಮನೇಲಿ ಯಾರಿದ್ರು?"

"ಎಲ್ಲಾರೂ. ಅವತ್ತು ಏಳನೇ ವಾರದ ಕರ್ಮ. ಮನೆ ತುಂಬ ನೆಂಟರು, ಭಿಕ್ಷುಗಳು. ನಾನು ಅಡಿಗೆಮನೆಯಿಂದ ತಲೆ ಎತ್ತಲಿಲ್ಲ. ಸಂಜೆ ಅಪ್ಪನಿಗೆ ಕಾಗದದ ಸಾಮಾನೆಲ್ಲ ಸುಡೋವಾಗ ಬೆಂಕೀಲಿ ಏನೋ ಪಟಾರ್ ಅಂತು. ಯಾರು ಪಟಾಕಿ ಹಾಕಿದ್ದು ಅಂತ ಅತ್ತೆ ಕೂಗಾಡಿದ್ಳು. ಆ ಗಲಾಟೇಲಿ ಏನು ಗೊತ್ತಾಗತ್ತೆ? ಅಮ್ಮನ್ನ ಎಷ್ಟು ಸಲ ಕೇಳಿದ್ರೂ ಕೊರಿಯರ್‌ನವರು ಯಾರೂ ಬರಲಿಲ್ಲ ಅಂತಾರೆ. ಅಮ್ಮ ಸುಳ್ಳು ಹೇಳೋರಲ್ಲ."

ಮರುದಿನ ಕೊರಿಯರ್ ಕಂಪನಿಯ ತಂಪು ಕೋಣೆಯಲ್ಲಿ ಮ್ಯಾನೇಜರ್ ಡೆಸ್ಮಂಡ್ ಆಂಟಿ, ಹಮ್ದಾನ್ ಇಬ್ಬರನ್ನೂ ನಗುನಗುತ್ತಲೇ ಕೂರಿಸಿದ. ದೂರದ ಸಬಾ ರಾಜ್ಯದಿಂದ ವರ್ಗವಾಗಿ ಬಂದು ತಿಂಗಳಾಗಿರಲಿಲ್ಲ, ಅಷ್ಟರಲ್ಲೇ ಸಾಗಹಾಕುವ ವಿದ್ಯೆ ಕರಗತವಾಗಿತ್ತು.

"ಪಾರ್ಸೆಲ್ ಕಳೆದಿದೆ, ಪರಿಹಾರ ಕೊಡ್ತೀವಿ, ಮುಗೀತಲ್ಲ ಮೇಡಂ?"

"ತಲುಪಿದೆ ಅಂತಾನೂ ನೀವೇ ಹೇಳಿದ್ರಿ. ಯಾವುದನ್ನ ನಂಬಲಿ?"

"ನಮ್ಮ ಡೆಲಿವರಿಯವ ಝುಲ್ ಹೇಳಿದ ಸುಳ್ಳು ಅದು. ಗೋದಾಮಲ್ಲೇ ಫೋಟೋ ತೆಗೆದು ತಲುಪಿಸಿದೆ ಅಂದಿದಾನೆ. ಕೆಲಸದಿಂದ ನಿಲ್ಲಿಸಿದ್ದೀವಿ."

"ಆ ಫೋಟೋ ತೋರಿಸಿ."

"ಅದು ಕಂಪನಿ ಒಳಗಿನ ವಿಷಯ."

"ಸಾಮಾನು ಕಳಕೊಂಡೋರಿಗೆ ಅದನ್ನ ನೋಡೋ ಹಕ್ಕಿದೆ. ಇಲ್ಲಿ ತೋರಿಸ್ತೀರೋ, ಗ್ರಾಹಕರ ನ್ಯಾಯಮಂಡಳಿ ಮುಂದೆ ತೋರಿಸ್ತೀರೋ?"

ಡೆಸ್ಮಂಡ್‌ನ ನಗು ಇಳಿಯಿತು. ಫೋಟೋದಲ್ಲಿ ಕಂದು ಪಾರ್ಸೆಲ್ಲೊಂದು ಪೆಟ್ಟಿಗೆಗಳ ರಾಶಿಯ ಮೇಲೆ ಕೂತಿತ್ತು. ಸುತ್ತಲೂ ಬರೀ ಪೆಟ್ಟಿಗೆಗಳ ಮೂಲೆಗಳು, ಅವುಗಳ ಮೇಲೆ ಅಡ್ಡಡ್ಡ ಅಂಟಿಸಿದ ಬಿಳಿ ಕಾಗದದ ಪಟ್ಟಿ.

"ನೋಡಿ, ಯಾವ ಮನೆ ಹಜಾರದಲ್ಲಿ ಇಷ್ಟೊಂದು ಪೆಟ್ಟಿಗೆ ಇರತ್ತೆ?" ಎಂದ ಅವನು.

"ನಿಮ್ಮ ಗೋದಾಮಲ್ಲಿ ವಿಳಾಸದ ಚೀಟಿ ಇಲ್ಲದ ಪೆಟ್ಟಿಗೆ ಇಡ್ತೀರಾ?"

"ಛೆ, ಒಂದೂ ಇಲ್ಲ."

"ಇಲ್ಲಿ ಈ ಪಾರ್ಸೆಲ್ ಒಂದು ಬಿಟ್ರೆ ಯಾವುದಕ್ಕಿದೆ ಚೀಟಿ?" ಎಂದು ಆಂಟಿ ಎದ್ದರು. ಹಮ್ದಾನ್‌ಗೆ ಏನೂ ಹೊಳೆಯಲಿಲ್ಲ. ಆಂಟಿಯ ಮುಖ ಕಪ್ಪಿಟ್ಟದ್ದು ಮಾತ್ರ ಕಂಡಿತು.

ಝುಲ್ ಹೆಂಡತಿಯ ಬಂಡಿಯಲ್ಲಿ ಬಾಳೆಹಣ್ಣು ಕರಿಯುತ್ತಿದ್ದ. ಮೂರು ಮಕ್ಕಳ ತಂದೆ. ಕಳ್ಳನೆಂದು ಹೆಸರಾದವನು ಬೀದಿಯಲ್ಲಿ ತಲೆ ಎತ್ತಿ ನಿಲ್ಲುವುದು ಎಷ್ಟು ಕಷ್ಟವೆಂದು ಅವನ ಬಗ್ಗಿದ ಕತ್ತೇ ಹೇಳುತ್ತಿತ್ತು.

"ಕೊಟ್ಟೆ ಆಂಟಿ, ಅಲ್ಲಾಹನಾಣೆ ಕೊಟ್ಟೆ. ಗೇಟಲ್ಲಿ ಲಾರಿಯಿಂದ ಪೆಟ್ಟಿಗೆ ಇಳಿಸ್ತಿದ್ರು, ಅವರ ಹಿಂದೇನೇ ಒಳಗೆ ಹೋದೆ. ಒಳಗೆಲ್ಲ ಹೊಗೆ. ಓಯ್ ಕೀಟ್ ಸೆಂಗ್ ಅಂತ ಜೋರಾಗಿ ಹೆಸರು ಕೂಗಿದೆ. ಒಬ್ಬರು ಅಜ್ಜಿ ಎರಡೂ ಕೈ ಚಾಚಿ ಇಸ್ಕೊಂಡು, ತಲೆ ಬಗ್ಗಿಸಿ, ರಾಶಿ ಮೇಲಿಟ್ರು. 'ಅವರಿಗೆ ಇವತ್ತೇ ತಲುಪತ್ತೆ ಬಿಡಪ್ಪಾ' ಅಂದ್ರು. ಯಜಮಾನರು ಸಂಜೆ ಮನೆಗೆ ಬರ್ತಾರೇನೋ ಅಂದ್ಕೊಂಡೆ."

"ಸಹಿ?"

"ಅಷ್ಟು ಅಳ್ತಿರೋರ ಹತ್ರ ಹೆಂಗೆ ಕೇಳ್ಲಿ? ಚೀಲದಲ್ಲಿ ಇನ್ನೂ ನೂರಾರು ಪಾರ್ಸೆಲ್ ಇತ್ತು. ಫೋಟೋ ಹೊಡ್ಕೊಂಡು ಓಡಿದೆ."

ದಾರಿಯಲ್ಲಿ ಹಮ್ದಾನ್ ತನ್ನ ಬುದ್ಧಿ ಓಡಿಸಿದ. "ಇದು ಬೀ ಲೆಂಗಳ ಅಣ್ಣ ಬೂನ್ ಹಾಂಗ್‌ನದೇ ಕೆಲಸ ಆಂಟಿ. ಮನೆ ಆಸ್ತಿ ಮಗಳಿಗೇ ಸೇರಬೇಕು ಅಂತ ಅಪ್ಪ ಅದರಲ್ಲಿ ಹೇಳಿಬಿಟ್ಟಿದ್ರೆ ಅಂತ ಹೆದರಿ ಬಚ್ಚಿಟ್ಟಿದಾನೆ."

"ನಿನ್ನ ಮಾತೇ ನಿಜ ಆಗ್ಲಿ ಅಂತ ಬೇಡ್ಕೋತೀನಿ" ಎಂದರು ಆಂಟಿ. "ಬಚ್ಚಿಟ್ಟದ್ದಾದ್ರೆ ಹುಡುಕಬಹುದು."

ಅವರು ಬೀ ಲೆಂಗಳ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಲು ಹೇಳಿದರು. ಅಲ್ಲಿ ಸುಟ್ಟ ಕರಕಲು ಇನ್ನೂ ಗುಡ್ಡೆಯಾಗಿ ಬಿದ್ದಿತ್ತು. ಆಂಟಿ ಛತ್ರಿಯ ತುದಿಯಿಂದ ಬೂದಿ ಕೆದಕುತ್ತ ಹೋದರು. ಕೊನೆಗೆ ಬಗ್ಗಿ ಏನನ್ನೋ ಎತ್ತಿ ಕರವಸ್ತ್ರದಲ್ಲಿ ಸುತ್ತಿಕೊಂಡರು.

"ಇದು ಸಿಗಬಾರದಿತ್ತು ಹಮ್ದಾನ್" ಎಂದರು.

ಭಾನುವಾರ ಬೀ ಲೆಂಗಳ ಮನೆಯ ಹಜಾರದಲ್ಲಿ ಎಲ್ಲರೂ ಸೇರಿದರು. ಅಪ್ಪನ ಫೋಟೋದ ಕೆಳಗೆ ತಾಯಿ, ಪಕ್ಕದಲ್ಲಿ ಬೂನ್ ಹಾಂಗ್, ಎದುರಿಗೆ ಡೆಸ್ಮಂಡ್. ಝುಲ್ ಬಾಗಿಲ ಬಳಿಯೇ ನಿಂತಿದ್ದ. ಮದುವೆಗೆಂದು ತಂದ ಕೆಂಪು ಟೀ ಬಟ್ಟಲುಗಳು ಮೂಲೆಯಲ್ಲಿದ್ದವು.

"ಇಲ್ಲಿ ಕಳ್ಳರು ಯಾರೂ ಇಲ್ಲ" ಎಂದು ಆಂಟಿ ಶುರುಮಾಡಿದರು. "ಬೀ ಲೆಂಗ್, ಈ ಫೋಟೋ ನೋಡು. ಇವು ಏನು?"

ಬೀ ಲೆಂಗ್ ನೋಡಿದಳು. ನೋಡಿದವಳೇ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಕಾಗದದ ಅಂಗಡಿ ಪೆಟ್ಟಿಗೆಗಳು" ಎಂದ ಬೂನ್ ಹಾಂಗ್. "ಸುಟ್ಟರೆ ಮೇಲಿರೋ ಅಪ್ಪನಿಗೆ ತಲುಪತ್ತೆ ಅಂತ ಸುಟ್ಟದ್ದು. ಒಳಗೆ ಕಾಗದದ ಬಟ್ಟೆ, ಚಪ್ಪಲಿ."

"ಅದಕ್ಕೇ ಅಡ್ಡಪಟ್ಟಿ ಹಾಕಿ ಮುದ್ರೆ ಮಾಡಿದಾರೆ, ದಾರೀಲಿ ಬೇರೆ ಆತ್ಮಗಳು ಬಿಚ್ಚಬಾರದು ಅಂತ. ಈ ಬೀದೀಲೇ ಹುಟ್ಟಿ ಬೆಳೆದವಳು ನಾನು, ಅಷ್ಟು ಗೊತ್ತು. ಹಾಗಾಗಿ ಫೋಟೋ ತೆಗೆದದ್ದು ಗೋದಾಮಲ್ಲಲ್ಲ, ಈ ಹಜಾರದಲ್ಲಿ. ಝುಲ್ ಹೇಳಿದ್ದು ನಿಜ. ಅಂಗಡಿ ಲಾರಿ ಹಿಂದೇನೇ ಅವನು ಬಂದ. ಸತ್ತವರ ಹೆಸರು ಕೂಗಿ ಪೆಟ್ಟಿಗೆ ಕೊಟ್ಟ. ಅಂಥ ದಿನ ಸತ್ತವರ ಹೆಸರಿಗೆ ಪೆಟ್ಟಿಗೆ ತರೋರು ಯಾರು? ಕಾಗದದ ಅಂಗಡಿಯೋರು. ಅದಕ್ಕೇ ಇಸ್ಕೊಂಡವರು ತಲೆ ಬಗ್ಗಿಸಿದ್ರು, ಇವತ್ತೇ ತಲುಪತ್ತೆ ಅಂದ್ರು. ಕೊರಿಯರ್ ಬರಲಿಲ್ಲ ಅಂದದ್ದೂ ಸುಳ್ಳಲ್ಲ. ಅವರ ಪಾಲಿಗೆ ಬಂದದ್ದು ಕೊರಿಯರ್ ಅಲ್ಲವೇ ಅಲ್ಲ. ಸಂಜೆ ಬೆಂಕೀಲಿ ಪಟಾರ್ ಅಂದದ್ದು ಪಟಾಕಿ ಅಲ್ಲಮ್ಮಾ, ಬ್ಯಾಟರಿ."

ಅವರು ಕರವಸ್ತ್ರ ಬಿಚ್ಚಿದರು. ಒಳಗೆ ಉಕ್ಕಿನ ಕೊಕ್ಕೆಯೊಂದಿತ್ತು, ಕಪ್ಪಾಗಿ, ಎರಡು ಸುತ್ತು ತಿರುಚಿಕೊಂಡು.

ಡೆಸ್ಮಂಡ್ ಉಸಿರು ಬಿಟ್ಟ. "ಅಂದ್ರೆ ನಮ್ಮ ತಪ್ಪಿಲ್ಲ."

ಆಂಟಿಗೆ ಸಿಟ್ಟು ನೆತ್ತಿಗೇರಿತು. "ಇಸ್ಕೊಂಡೋರು ಯಾರು ಅಂತ ಕೇಳೋಕೂ ಪುರಸೊತ್ತಿಲ್ಲದ ಹಾಗೆ ಚೀಲ ತುಂಬೋದು ನೀವು. ತಲುಪಿದ್ದನ್ನ ಕಳೆದದ್ದು ಅಂತ ಬರೆದು, ಇವನ ತಲೆಗೆ ಕಟ್ಟಿ ಕೈ ತೊಳಕೊಂಡದ್ದೂ ನೀವೇ. ಕೇಳಿದ ದಿನವೇ ಈ ಫೋಟೋ ತೋರಿಸಿದ್ರೆ ಈ ಹುಡುಗಿ ಇಷ್ಟು ದಿನ ಬಾಗಿಲು ಕಾಯ್ತಿರಲಿಲ್ಲ. ನಾಳೆ ಝುಲ್ ಕೆಲಸಕ್ಕೆ ಬರ್ತಾನೆ. ಮಿಕ್ಕದ್ದು ನ್ಯಾಯಮಂಡಳೀಲಿ ಮಾತಾಡೋಣ."

ಡೆಸ್ಮಂಡ್ ತಲೆಯಾಡಿಸಿದ. ಬೇರೆ ಯಾರೂ ಅವನ ಕಡೆ ನೋಡಲಿಲ್ಲ. ಬೀ ಲೆಂಗ್ ತಾಯಿಯನ್ನೇ ನೋಡುತ್ತಿದ್ದಳು.

"ಬಿಚ್ಚಿ ನೋಡಬಾರದಿತ್ತಾ ಅಮ್ಮಾ? ಒಂದೇ ಒಂದು ಸಲ?"

ತಾಯಿ ಕೊಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿದರು. ಅವರ ಮುಖದಲ್ಲಿ ಅಳುವಿನ ಜೊತೆಗೇ ಇನ್ನೇನೋ ಇತ್ತು.

"ಅವರ ಹೆಸರಿಗೆ ಬಂದ ಪೆಟ್ಟಿಗೆ ಕಣೆ, ನಾನು ಹೇಗೆ ಬಿಚ್ಚಲಿ? ಅಲ್ಲಿ ಮಾತಾಡೋಕಾಗದೆ ಎಷ್ಟು ಒದ್ದಾಡ್ತಿದಾರೋ, ಬಾಯಾರಿದ್ರೆ ಯಾರ ಹತ್ರ ಹೇಗೆ ಕೇಳ್ತಾರೋ ಅಂತ ನನಗೆ ನಿದ್ದೇನೇ ಇರಲಿಲ್ಲ. ಹಾಗಾದ್ರೆ ಅದು ಅವರಿಗೆ ಸಿಕ್ಕಿದೆ." ಥಟ್ಟನೆ ಏನೋ ನೆನಪಾದವರಂತೆ ತಲೆ ಎತ್ತಿದರು. "ಬೀ ಲೆಂಗ್, ಚಾರ್ಜರ್? ಚಾರ್ಜರ್ ಇತ್ತೇನೆ ಅದರೊಳಗೆ?"

ಹಮ್ದಾನ್‌ನ ಕಣ್ಣು ತಾನಾಗಿ ಅವಳ ಚೀಲದ ಕಡೆ ಹೋಯಿತು. ಕರಿಯ ವೈರಿನ ತುದಿ ಹೊರಗೆ ಇಣುಕುತ್ತಿತ್ತು. ಬೀ ಲೆಂಗ್ ಚೀಲವನ್ನು ಹಿಂದಕ್ಕೆ ಸರಿಸಿ, ತಾಯಿಯ ಎದುರು ನೆಲದ ಮೇಲೆ ಕೂತಳು.

"ಇತ್ತಮ್ಮಾ" ಎಂದಳು.

ಸಂಜೆ ಮನೆಗೆ ಹೋಗುವಾಗ ಹಮ್ದಾನ್ ಬೀ ಲೆಂಗಳನ್ನು ಕಾಗದದ ಅಂಗಡಿಯ ಮುಂದೆ ಕಂಡ. ಕಾರು ನಿಲ್ಲಿಸಿದ, ಇಳಿಯಲಿಲ್ಲ. ಅಂಗಡಿಯವನು ಎಲ್ಲಕ್ಕಿಂತ ಸಣ್ಣ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದ. ಅವಳು ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಒಳಗಿಟ್ಟಳು. ಪ್ಲಾಸ್ಟಿಕ್ ಸುಟ್ಟರೆ ವಾಸನೆ ಬರತ್ತಮ್ಮಾ ಎಂದು ಅಂಗಡಿಯವನು ಗೊಣಗಿದ. ಆಮೇಲೆ ಅವಳ ಮುಖ ನೋಡಿ ಮಾತು ನಿಲ್ಲಿಸಿ, ಬಿಳಿ ಪಟ್ಟಿಗೆ ಅಂಟು ಹಚ್ಚಿದ.

"ಯಾರ ಹೆಸರಿಗೆ?" ಎಂದು ಕೇಳಿದ.

"ಓಯ್ ಕೀಟ್ ಸೆಂಗ್" ಎಂದಳು ಬೀ ಲೆಂಗ್.