ಬೆಚ್ಚಗಿಟ್ಟ ಡಬ್ಬಿ

ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗದಿರಲು ಕಾರಣ ತಾನೇ ಎಂಬುದು ಗೆಜ್ಜಲಗೆರೆ ಫ್ಯಾಕ್ಟರಿಯ ಸೂಪರ್‌ವೈಸರ್ ಶಿವರಾಜುವಿಗೆ ಮಾತ್ರ ಗೊತ್ತಿತ್ತು. ಕದ್ದುಮುಚ್ಚಿ ಮೈಸೂರಿಗೆ ಹೋಗಿ ವೀರ್ಯ ಪರೀಕ್ಷೆ ಮಾಡಿಸಿದ್ದ. ಎಣಿಕೆ ಕಡಿಮೆಯಿದೆ, ಸಿಗರೇಟು ಬಿಟ್ಟು ಆರು ತಿಂಗಳು ಮಾತ್ರೆ ನುಂಗಿದರೆ ಸರಿಹೋಗಬಹುದು ಎಂದಿದ್ದರು ಅಲ್ಲಿನ ಡಾಕ್ಟರು. ಅವನ ಕಿವಿಗೆ ಬಿದ್ದದ್ದು ‘ಕಡಿಮೆ’ ಎಂಬುದೊಂದೇ. ರಿಪೋರ್ಟನ್ನು ಚೂರುಚೂರು ಮಾಡಿ ಶಿಂಷಾ ನದಿಗೆ ಎಸೆದು ಮನೆಗೆ ಬಂದ.

ಹೆಂಡತಿ ಚಂದನಳ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದಿದ್ದವು. ಶಿವರಾಜುವಿನ ತಾಯಿ ಬೆಟ್ಟಮ್ಮ ಅದನ್ನು ನಂಬಲಿಲ್ಲ. “ಮಂಡ್ಯದಲ್ಲಿ ಇವನ್ದೂ ನೋಡ್ಸಾನ. ಇವನ್ದು ಸರಿಯಾಗಿದ್ರೆ ನೀನು ಬಸರಾಳ್ಗೆ, ನಿಮ್ಮಪ್ಪನ ಮನ್ಗೆ ಒಂಟೋಗು ಕಣಮ್ಮ.”

“ಆಯ್ತತ್ತೆ,” ಎಂದಳು ಚಂದನ. “ರಿಪೋರ್ಟು ಓದುವಾಗ ನಾವಿಬ್ರೂ ಅಲ್ಲೇ ಇರಾನ.”

ಹೆಂಡತಿ ಹೋದರೆ ಹೋಗಲಿ, ಮಾನ ಉಳಿದರೆ ಸಾಕು ಎನ್ನುವಷ್ಟಕ್ಕೆ ಇಳಿದಿದ್ದ ನಮ್ಮ ಮಹಾಶಯ. ಸ್ಯಾಂಪಲ್ಲನ್ನು ಹೊರಗಿನಿಂದಲೂ ತರಬಹುದು, ಆದರೆ ಅರ್ಧ ಗಂಟೆಯೊಳಗೆ, ಮೈಶಾಖದಲ್ಲಿಟ್ಟುಕೊಂಡು ತರಬೇಕು ಎಂದು ಮಂಡ್ಯದ ಲ್ಯಾಬಿನ ಹುಡುಗಿ ಕವಿತ ಹೇಳಿ ಖಾಲಿ ಡಬ್ಬಿ ಕೊಟ್ಟಾಗಲೇ ಅವನ ತಲೆ ಓಡಿತು. ಲ್ಯಾಬಿನಿಂದ ಹತ್ತು ನಿಮಿಷದ ದಾರಿಯಲ್ಲಿ ಬಾಲ್ಯದ ಗೆಳೆಯ ಸ್ವಾಮಿಯ ಮನೆಯಿತ್ತು. ಸ್ವಾಮಿಗೆ ಸಾಲಾಗಿ ಮೂರು ಮಕ್ಕಳು, ಮೂರೂ ಗುಂಡುಗುಂಡಾಗಿದ್ದವು. ಇದಕ್ಕಿಂತ ಗ್ಯಾರಂಟಿ ಬೇಕೆ? ಇಲ್ಲವೆನ್ನಲು ಅವನಿಗೆ ಮುಖವೂ ಇಲ್ಲ. ಎರಡು ವರ್ಷದ ಹಿಂದೆ ಅವನ ಹರ್ನಿಯಾ ಆಪರೇಷನ್ ಆದಾಗ ಆಸ್ಪತ್ರೆಗೆ ಕರೆದೊಯ್ದು, ಅದೇ ಸಂಜೆ ಬೈಕಿನ ಹಿಂದೆ ಹೆಂಗಸರಂತೆ ಒಂದೇ ಕಡೆ ಕಾಲಿಳಿಬಿಟ್ಟು ಕೂರಿಸಿ ಮನೆ ಮುಟ್ಟಿಸಿದವನು ಶಿವರಾಜುವೇ.

ವಿಷಯ ಕೇಳಿ ಸ್ವಾಮಿ ಬೆವೆತ. ಬೇರೆ ಯಾರನ್ನಾದರೂ ನೋಡಿಕೋ ಎಂದು ನಾಲ್ಕು ಸಲ ಅಂದ. ಶಿವರಾಜುವಿಗೆ ರೇಗಿತು.

“ಯಾಕ್ಲಾ, ನಿಂಗೂ ಏನಾರ ಐಬೈತಾ?”

ಸ್ವಾಮಿಯ ಮುಖ ಕೆಂಪಾಯಿತು. ಡಬ್ಬಿ ಕಸಿದುಕೊಂಡ. “ನಂಗ್ಯಾವ ಐಬ್ಲಾ? ಕೊಡಿಲ್ಲಿ.”

ಮೂರು ದಿನ ಹೆಂಡತಿಯಿಂದ ದೂರವಿರಬೇಕು, ಕುಡಿಯಬಾರದು ಎಂದು ಶಿವರಾಜು ತಾಕೀತು ಮಾಡಿದ. ನಾಲ್ಕನೆಯ ದಿನ ಬೆಳಿಗ್ಗೆ ಸ್ವಾಮಿ ಕೊಟ್ಟ ಡಬ್ಬಿಯನ್ನು ಬನಿಯನ್ನಿನೊಳಗೆ ಬೆಚ್ಚಗಿಟ್ಟುಕೊಂಡು, ರಸ್ತೆಯ ಒಂದೊಂದು ಉಬ್ಬಿಗೂ ಉಸಿರು ಬಿಗಿಹಿಡಿದು, ಹನ್ನೊಂದು ನಿಮಿಷಕ್ಕೆ ಲ್ಯಾಬು ಮುಟ್ಟಿದ. ಕವಿತ ಅದರ ಮೇಲೆ ಅವನ ಹೆಸರು ಬರೆದಳು. ಹೊರಬಂದು ಎರಡು ಕಾಫಿ ಕುಡಿದ.

ಮಾರನೆಯ ದಿನ ಮೂವರೂ ಡಾಕ್ಟರಮ್ಮನ ಎದುರು ಕುಳಿತರು. ಬೆಟ್ಟಮ್ಮ ಸೊಸೆಯ ಬಟ್ಟೆಯ ಚೀಲವನ್ನೂ ಜೊತೆಗೇ ತಂದಿದ್ದಳು.

“ಸೊನ್ನೆ,” ಎಂದರು ಡಾಕ್ಟರಮ್ಮ. “ಒಂದೇ ಒಂದೂ ಇಲ್ಲ. ಎರಡೆರಡು ಸಲ ನೋಡಿಸಿದೆ. ಶಿವರಾಜು, ನಿಜ ಹೇಳಿ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡಿದ್ದೀರಾ?”

ಚಂದನ ತನ್ನ ಚೀಲವನ್ನು ಅತ್ತೆಯ ಕಾಲ ಬುಡದಿಂದ ಎತ್ತಿ ಗಂಡನ ತೊಡೆಯ ಮೇಲಿಟ್ಟಳು. ಇದು ತನ್ನದಲ್ಲ ಎಂದು ಶಿವರಾಜು ಹೇಳುವಂತೆಯೂ ಇರಲಿಲ್ಲ. ತನ್ನದಲ್ಲದಿದ್ದರೆ ಯಾರದು ಎಂದು ಹೇಳಬೇಕಾಗುತ್ತಿತ್ತು. ಕಡಿಮೆಯಾದರೂ ಇದೆ ಎಂದು ಸಾಕ್ಷಿ ಹೇಳುವ ಕಾಗದ ಹೊಳೆ ಪಾಲಾಗಿತ್ತು. ಆಗಲೇ, ಎರಡು ವರ್ಷದ ಹಿಂದೆ ಸ್ವಾಮಿ ಮಲಗಿದ್ದ ಆಸ್ಪತ್ರೆಯ ವಾರ್ಡು ಕಣ್ಣಮುಂದೆ ಬಂತು. ಅಲ್ಲಿ ಇನ್ನೂ ಆರು ಜನ ಗಂಡಸರಿದ್ದರು, ಎಲ್ಲರೂ ಮಕ್ಕಳೊಂದಿಗರು, ಎಲ್ಲರೂ ಅದೇ ಸಂಜೆ ಕಾಲಗಲಿಸಿ ನಡೆಯುತ್ತ ಮನೆಗೆ ಹೊರಟಿದ್ದರು. ಏಳು ಜನರಿಗೂ ಒಂದೇ ದಿನ ಹರ್ನಿಯಾ ಹೇಗೆ ಬಂತೆಂದು ಅವನು ಅಂದು ಕೇಳಿರಲಿಲ್ಲ.