ಉಬ್ಬಿದ ಕನ್ನಡಿ

"ನನ್ನ ಕನ್ನಡಿ ಹಾಳು ಮಾಡಿದ್ದು ಯಾರು?"

ಹಂಸಳ ಕೂಗಿಗೆ ಹಾಸನದ ಆ ಪುಟ್ಟ ಕಾರ್ಖಾನೆಯೇ ಬೆಚ್ಚಿತು.

ಅದು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ಮೊಳದುದ್ದದ ಸಿಲಿಕಾನ್ ಪಟ್ಟಿ. ಸಿಂಕ್ರೊಟ್ರಾನ್ ಎಂಬ ಬೃಹತ್ ಯಂತ್ರದಿಂದ ಬರುವ ಎಕ್ಸ್‌ರೇ ಕಿರಣಗಳು ಅದರ ಮೈ ಸವರಿಕೊಂಡು ಹೋಗಿ, ಕೂದಲೆಳೆಗಿಂತ ಸಣ್ಣ ಚುಕ್ಕೆಯಲ್ಲಿ ಕೂಡಬೇಕು. ಹಂಸ ವರ್ಷವಿಡೀ ಅದನ್ನು ನುಣುಪು ಮಾಡಿಸಿದ್ದಳು. ಈಗ ನೋಡಿದರೆ ಅಳತೆಯ ಪರದೆಯ ಮೇಲೆ ನಟ್ಟನಡುವೆ ಒಂದು ಉಬ್ಬು! ಕಣ್ಣಿಗೆ ಕಾಣದಷ್ಟು ಸಣ್ಣದು. ಕೊಂಡವರಿಂದ ಕನ್ನಡಿ ವಾಪಸ್ಸು ಬರಲು ಅಷ್ಟೇ ಸಾಕು.

ಕನ್ನಡಿಯನ್ನು ಹಿಡಿದಿಡುವ ಚೌಕಟ್ಟು ಮಾಡಿದವನು ಪಕ್ಕದ ಮೊಸಳೆ ಎಂಬ ಹಳ್ಳಿಯ ಮನು. ಕೆಲಸಕ್ಕೆ ಹೊಸಬ.

"ಟ್ರ್ಯಾಕ್ಟರ್ ಬೋಲ್ಟ್ ಬಿಗಿದ ಹಾಗೆ ಬಿಗಿದಿದ್ದೀರಿ!" ಎಂದಳು ಹಂಸ, ಎಲ್ಲರೆದುರಿಗೇ.

ಮನುವಿನ ಮುಖ ಕೆಂಪೇರಿತು. "ಟ್ರ್ಯಾಕ್ಟರ್ ಬೋಲ್ಟೂ ಅಳತೆ ನೋಡೇ ಬಿಗಿಯೋದು ಮೇಡಂ. ಕೆಲ್ಸ ನೋಡಿ ಬಯ್ಯಿರಿ, ಊರು ನೋಡಿ ಬೈಬ್ಯಾಡಿ!"

ಎಂಥ ಸೊಕ್ಕು! ಎಂದುಕೊಂಡಳು ಹಂಸ. ಆದರೆ ಆ ಕಣ್ಣುಗಳಲ್ಲಿ ಸುಳ್ಳಿರಲಿಲ್ಲ...

ಮನು ಚೌಕಟ್ಟನ್ನು ಬಿಚ್ಚಿ ಕಟ್ಟಿದ. ಮತ್ತೆ ಮತ್ತೆ ಬಿಚ್ಚಿದ. ಮತ್ತೆ ಮತ್ತೆ ಜಗಳ. ಜಗಳದ ನಡುವೆಯೇ ಅವನ ಬುತ್ತಿಯ ರೊಟ್ಟಿ ಅವಳ ಡಬ್ಬಿಗೆ, ಅವಳ ಪುಳಿಯೋಗರೆ ಅವನ ಡಬ್ಬಿಗೆ ಬಂದವು. ಅವನು ರಜೆ ಹಾಕಿದ ದಿನ ಜಗಳವಾಡಲು ಯಾರೂ ಇಲ್ಲವಲ್ಲ ಎಂದು ಅವಳಿಗೆ ಬೇಸರವಾಯಿತು. ಉಬ್ಬು ಮಾತ್ರ ಹೋಗಲಿಲ್ಲ.

ಹಂಸಳಿಗೆ ಒಂದು ಪದ್ಧತಿಯಿತ್ತು. ತಾಯಿ ಚೂಡಾಮಣಿ ತೀರಿಕೊಂಡಂದಿನಿಂದ ದಿನವೂ ಅಳತೆಗೆ ಮುಂಚೆ ಕನ್ನಡಿಯ ಪಕ್ಕ ಬಾಗಿ ನಿಂತು, ಕೈಮುಗಿದು, ಅಮ್ಮ ಕಲಿಸಿದ ಸೂರ್ಯಸ್ತೋತ್ರವನ್ನು ಮೆಲ್ಲಗೆ ಪೂರ್ತಿ ಹೇಳುತ್ತಿದ್ದಳು. ಬೆಳಕಿನ ಕೆಲಸವಲ್ಲವೇ! ಬಾಗಿಲ ಗಾಜಿನಾಚೆ ಮನು ಅದನ್ನು ನೋಡುತ್ತ ನಿಲ್ಲುವುದುಂಟು.

ಕೊನೆಗೆ ಮುಖ್ಯಸ್ಥ ಸಂಪತ್ಕುಮಾರರು ಎಲ್ಲರನ್ನೂ ಕರೆದು, ತಪ್ಪು ಯಾರದೆಂದು ಕೇಳಿದರು. ಮನು ತಲೆ ತಗ್ಗಿಸಿ, "ತಪ್ಪು ನಂದೇ ಸಾ. ಚೌಕಟ್ಟೇ ಸರಿಯಿಲ್ಲ," ಎಂದು ಕೆಲಸ ಬಿಟ್ಟು ಹೊರಟೇಬಿಟ್ಟ.

ಹಂಸ ಉರಿದುಹೋದಳು. ಹಾಗಾದರೆ ಇಷ್ಟು ದಿನ ನನ್ನೊಡನೆ ವಾದಿಸಿದ್ದೆಲ್ಲ ಸುಳ್ಳೇ? ಆ ಕಣ್ಣುಗಳೂ ಸುಳ್ಳೇ?

ಮರುವಾರ ಒಂದು ದಿನ ಹಂಸ ಬರುತ್ತಿದ್ದ ಹೊಳೆನರಸೀಪುರದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವಳು ಬರುವಷ್ಟರಲ್ಲಿ ಜೊತೆಗಾತಿ ರಂಜಿತಾ ಅಳತೆ ಮುಗಿಸಿದ್ದಳು.

"ಮೇಡಂ, ಉಬ್ಬೇ ಇಲ್ಲ! ಮನು ಮಾಡಿದ ಚೌಕಟ್ಟಲ್ಲೇ ಇದೆ, ನೋಡಿ!"

ಹಂಸ ಹಿಗ್ಗಿ, ಕನ್ನಡಿಯ ಪಕ್ಕ ನಿಂತು ಕೈಮುಗಿದಳು. ಸ್ತೋತ್ರ ಮುಗಿಯಿತು. ರಂಜಿತಾ ಇನ್ನೊಮ್ಮೆ ಅಳೆದಳು. ಪರದೆಯ ಗೆರೆ ಮೆಲ್ಲನೆ ಮೇಲೆದ್ದಿತು...

ಮೈಯ ಬಿಸಿಗೆ ಕನ್ನಡಿ ಉಬ್ಬುತ್ತಿದೆ! ನನ್ನದೇ ಮೈಯ ಬಿಸಿ!

ಗಾಜಿನಾಚೆ ನಿಂತು ನೋಡುತ್ತಿದ್ದ ಮನುವಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.

ಸಿಟ್ಟು ಆರುವ ಮೊದಲೇ ಹಂಸ ಮೊಸಳೆಗೆ ಹೋದಳು. ಅಂಗಳದಲ್ಲಿ ಮನುವಿನ ತಾಯಿ ಜಯಲಕ್ಷ್ಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇಯೇನವ್ವ ಆ ಕನ್ನಡಿ ಮೇಡಮ್ಮು? ಬಯ್ಯೋದು ಇನ್ನೂ ಬಾಕಿ ಐತಾ?"

"ಇದೆ ಅಮ್ಮ. ಬೈದೇ ಹೋಗ್ತೀನಿ."

"ಅಂಗಾರೆ ಓಗು, ಇತ್ಲಲ್ಲಿ ಶುಂಠಿ ತೊಳೀತಾವ್ನೆ. ಜೋರಾಗೇ ಬಯ್ಯಿ, ನಂಗೂ ಕೇಳಿಸ್ಲಿ!"

ಮೊಣಕೈವರೆಗೂ ಕೆಸರಾಗಿದ್ದ ಮನು ಅವಳನ್ನು ಕಂಡು ಎದ್ದು ನಿಂತ.

"ಯಾಕೆ ಸುಳ್ಳು ಹೇಳಿದ್ರಿ?" ಹಂಸ ದನಿಯೇರಿಸಿದಳು. "ಚೌಕಟ್ಟು ಸರಿಯಾಗಿತ್ತು!"

"ಉಬ್ಬಿಗೆ ನೀವು ಹೇಳೋ ಸ್ತೋತ್ರ ಕಾರಣ ಅಂತ ಹೆಂಗೆ ಹೇಳ್ಲಿ? ಅದು ಹೇಳ್ವಾಗ ಒಂದಿನ ಅಳ್ತಿದ್ರಿ. ತೀರೋದ ತಾಯಿ ಕಲಿಸಿದ್ದು ಅಂತ ರಂಜಿತಾ ಹೇಳಿದ್ರು... ಹೇಳೋಕೆ ನಂಗೆ ಬಾಯೇ ಬರ್ಲಿಲ್ಲ."

"ಅಳೋಳು ಅಂತ ನಿಜ ಮುಚ್ಚಿಡ್ತೀರಾ? ನಾನು ಅಷ್ಟು ಹಗುರಾನಾ? ಬೆಳಕಿನ ಮುಂದೆ ನಿಂತು ಸುಳ್ಳು ಸಹಿಸ್ಕೋ ಅಂತ ನಮ್ಮಮ್ಮ ನನಗೆ ಕಲಿಸ್ಲಿಲ್ಲ!" ಅವಳ ಕಣ್ಣು ತುಂಬಿತು. "ನಾನು ತಪ್ಪು ಮಾಡಿದ್ರೆ ನನ್ನ ಮುಖಕ್ಕೇ ಹೇಳೋರು ಬೇಕು ನನಗೆ. ಹೇಳದೆ ಬಿಟ್ಟು ಹೋಗೋರಲ್ಲ!"

ಮನು ಕೈಯಲ್ಲಿದ್ದ ಶುಂಠಿಯನ್ನು ಕೆಳಗಿಟ್ಟ.

"ತಪ್ಪಾಯ್ತು," ಎಂದ. "ಇನ್ಮೇಲೆ ಹೇಳ್ತೀನಿ. ದಿನಾ ಹೇಳ್ತೀನಿ... ಜೀವ ಇರೋಗಂಟ ಹೇಳ್ತೀನಿ, ನೀವು ಒಪ್ಪಿದ್ರೆ."

ಹಂಸ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆಲ್ಲೋ ಅಮ್ಮ ನಕ್ಕಂತಾಯಿತು.

"ಹಾಗಾದ್ರೆ ಈಗಲೇ ಹೇಳಿ. ಸ್ತೋತ್ರ ಎಲ್ಲಿ ನಿಂತು ಹೇಳ್ಲಿ?"

"ಕನ್ನಡಿಯಿಂದ ದೂರ, ಬಾಗಿಲಾಚೆ. ಜೊತೇಲಿ ನಾನೂ ನಿಲ್ತೀನಿ."

"ನಿಮ್ಮಿಂದ ಎಷ್ಟು ದೂರ ನಿಲ್ಲಬೇಕು?"

ಮನು ಕೆಸರಿನ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿ ನಕ್ಕ.

"ನೀವು ಹತ್ರ ಬಂದ್ರೆ ನಾನೂ ಉಬ್ಬೋನೇ ಕಣ್ರೀ. ಆದ್ರೆ ನನ್ನ ಯಾರೂ ಅಳತೆ ಮಾಡಲ್ಲ... ಬನ್ನಿ."