ಆರಿಹೋದ ಆರು ಗಿಗಾಹರ್ಟ್ಸ್

"ಆರು ಅಂದ್ರಲ್ಲ ಮೇಷ್ಟ್ರೇ, ನಿಜವಾಗ್ಲೂ ಆರಿಹೋಯ್ತು!"

ಮಾತು ಅವಳ ಬಾಯಿಂದ ಜಾರಿದ್ದೇ ತಡ, ಅಂಗಡಿಯ ಮಹಡಿ ಕೋಣೆಯಲ್ಲಿ ಕೂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಜಿನ ಮೇಲಿದ್ದ ಮಾನಿಟರ್ ಕಪ್ಪಗಾಗಿತ್ತು. ಅದರ ಮುಂದೆ ಡ್ರಾಯಿಂಗ್ ಮೇಷ್ಟ್ರು, ಕೀಬೋರ್ಡಿನ ಮೇಲೆ ಕೈಯಿಟ್ಟವನು ಇಟ್ಟ ಹಾಗೇ ಕೂತಿದ್ದ. ಕಿವಿಯ ತುದಿ ಕೆಂಪಾಗಿತ್ತು. ಆಮೇಲೆ ಅವನೂ ನಕ್ಕ.

"ಸರಿ ಡಾಕ್ಟರಮ್ಮ. ನೀವೇ ಗೆದ್ರಿ."

ಅವಳು ಓದಿದ ಡಾಕ್ಟರಲ್ಲ. ಅದು ಅಪ್ಪ-ಮಗಳ ಕಂಪ್ಯೂಟರ್ ಅಂಗಡಿ. ಅಪ್ಪ ಗಲ್ಲಾದಲ್ಲಿ, ಮಗಳು ಒಳಗಿನ ಮೇಜಿನಲ್ಲಿ. ಫ್ಯಾನಿನ ಸದ್ದು ಕೇಳಿಯೇ ಮೆಷಿನ್ನಿನ ರೋಗ ಹೇಳುತ್ತಿದ್ದಳಾದ್ದರಿಂದ ಆ ಹೆಸರು ಬಿದ್ದಿತ್ತು. ಭಾನುವಾರ ಮಹಡಿಯ ಮೇಲೆ ಓವರ್‌ಕ್ಲಾಕಿಂಗ್ ಹುಚ್ಚಿನವರೆಲ್ಲ ಸೇರುತ್ತಿದ್ದರು. ಕಂಪನಿ ಇಷ್ಟೇ ಎಂದು ಹೇಳಿದ ವೇಗಕ್ಕಿಂತ ಪ್ರೊಸೆಸರನ್ನು ಜೋರಾಗಿ ಓಡಿಸಿ, ಅದು ಎಲ್ಲಿಯವರೆಗೆ ತಾಳುತ್ತದೆ ಎಂದು ನೋಡುವ ಹುಚ್ಚು. ಅವರಲ್ಲೆಲ್ಲ ದೊಡ್ಡ ಹುಚ್ಚು ಮೇಷ್ಟ್ರದು. ಎಲ್ಲರಿಗಿಂತ ದೊಡ್ಡ ಅನುಮಾನ ಅವಳದು.

ಹೊಸ ಪ್ರೊಸೆಸರ್ ಮಾರ್ಕೆಟ್ಟಿಗೆ ಬಂದ ದಿನ ಅವನು ಸ್ಕೂಲು ಬಿಟ್ಟವನೇ ಅಂಗಡಿಗೆ ಓಡಿ ಬಂದಿದ್ದ. ತೋಳಿನ ಮೇಲೆ ನೀಲಿ ಬಣ್ಣ ಇನ್ನೂ ಒಣಗಿರಲಿಲ್ಲ.

"ಬರೀ ಫ್ಯಾನಿನ ಗಾಳಿಗೇ ಆರು ಗಿಗಾಹರ್ಟ್ಸ್ ವೇಗ ಮುಟ್ಟುತ್ತೆ, ನೋಡ್ತಿರಿ!"

"ಕಂಪನಿಯವರು ಬಿಟ್ಟ ಬುರುಡೆ ಅದು. ಮುಟ್ಟಿದ್ರೆ ನಾನು ಮೀಸೆ ಬಿಡ್ತೀನಿ."

"ಬಿಡಿ. ಮೀಸೆ ಇದ್ರೂ ನೀವು ಚೆನ್ನಾಗೇ ಕಾಣ್ತೀರಿ."

ಅವಳು ತಟ್ಟನೆ ತಿರುಗಿ ಸ್ಕ್ರೂಡ್ರೈವರ್ ಹುಡುಕತೊಡಗಿದಳು. ಸ್ಕ್ರೂಡ್ರೈವರ್ ಅವಳ ಕೈಯಲ್ಲೇ ಇತ್ತು.

ಆ ಮೆಷಿನ್ ಜೋಡಿಸಿದ್ದೂ ಅವಳೇ. ಅವನು ಪಕ್ಕದಲ್ಲಿ ಬಗ್ಗಿ ಟಾರ್ಚ್ ಹಿಡಿದಿದ್ದ. "ಕೈ ಅಲ್ಲಾಡಿಸಬೇಡಿ" ಎಂದು ಅವಳು ಗದರಿದರೆ, "ಅಲ್ಲಾಡ್ತಿರೋದು ನನ್ನ ಕೈಯಲ್ಲವಲ್ಲ" ಎಂದ ಮೆಲ್ಲಗೆ. ಪ್ರೊಸೆಸರಿನ ಬಿಸಿ ಹೀರುವ ಭಾರದ ಕೂಲರನ್ನು ಅದರ ಮೇಲೆ ಕೂರಿಸುವಾಗ ಅವನ ಉಸಿರು ಅವಳ ಕೆನ್ನೆಗೆ ತಾಗುವಷ್ಟು ಹತ್ತಿರವಿತ್ತು. ನಾಲ್ಕು ಸ್ಕ್ರೂ ಬಿಗಿದು ದಡಬಡಿಸಿ ಎದ್ದುಬಿಟ್ಟಿದ್ದಳು.

ಮರುದಿನವೇ ಎಲ್ಲರ ಮುಂದೆ ಹೀಗಾಯಿತು. ವೇಗ ಐದೂವರೆ ದಾಟುವುದರೊಳಗೆ ಬಿಸಿ ನೂರು ಡಿಗ್ರಿಗೆ ಹಾರಿ, ಮೆಷಿನ್ ಗಪ್‌ಚುಪ್. ಅಷ್ಟು ಬೇಗ ಅಷ್ಟು ಬಿಸಿ ಆಗಬಾರದಲ್ಲ ಎಂದು ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನ ಎದ್ದಿತ್ತು. ಆದರೆ ಗೆಲ್ಲುವ ಖುಷಿ ಅದರ ಬಾಯಿ ಮುಚ್ಚಿಸಿತು.

ಅಲ್ಲೇ ಕೂತಿದ್ದ ಔಷಧಿ ಅಂಗಡಿಯವನು ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿದ್ದ. ಆ ವೀಡಿಯೊ ಗುಂಪಿನಿಂದ ಗುಂಪಿಗೆ ಹಾರಿ, ಕೊನೆಗೆ ಸ್ಕೂಲನ್ನೂ ಮುಟ್ಟಿತು. ಡ್ರಾಯಿಂಗ್ ಮೇಷ್ಟ್ರು 'ಆರಿದ ಮೇಷ್ಟ್ರು' ಆದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅವಳ ಕಣ್ಣು ಮಾತ್ರ ಬಾಗಿಲಿಗೇ ಅಂಟಿಕೊಂಡಿತ್ತು.

"ಯಾರನ್ನ ಕಾಯ್ತಿದ್ದೀಯಮ್ಮ?" ಅಪ್ಪ ಕೇಳಿದರು.

"ಕೊರಿಯರ್‌ನೋನನ್ನ."

"ಅವನು ಬೆಳಿಗ್ಗೇನೇ ಬಂದು ಹೋದನಲ್ಲ?"

ಅವಳು ಕೈಗೆ ಸಿಕ್ಕ ಕೀಬೋರ್ಡ್ ಒರೆಸತೊಡಗಿದಳು.

ಬಂದವಳು ಮೇಷ್ಟ್ರ ಅಕ್ಕ. ಆಸ್ಪತ್ರೆಯಲ್ಲಿ ನರ್ಸ್, ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ಮೌಸ್ ಕೊಳ್ಳಲು ಬಂದಿದ್ದಳು.

"ನಿಮ್ಮ ತಮ್ಮನೇ ಬರಬಹುದಿತ್ತಲ್ಲ?" ಎಂದು ಇವಳು ಸಹಜವಾಗಿ ಕೇಳಿದಂತೆ ಕೇಳಿದಳು.

"ಬರಲ್ಲ ಅಂತಾನೆ ಕಣಮ್ಮ. ಮೆಷಿನ್ನೇನೋ ಈಗ ಚೆನ್ನಾಗಿ ಓಡ್ತಿದೆ. ಆ ಕೂಲರಿನ ಕೆಳಗೆ ಯಾವುದೋ ಪ್ಲಾಸ್ಟಿಕ್ ಹಾಳೆ ಉಳ್ಕೊಂಡಿತ್ತಂತೆ, ಅವತ್ತು ಸಾಯಂಕಾಲಾನೇ ಬಿಚ್ಚಿ ತೆಗೆದ." ಅಕ್ಕ ತಟ್ಟನೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಯಾರಿಗೂ ಹೇಳ್ಬೇಡ ಅಂದಿದ್ದ!"

ಅಕ್ಕ ಹೋದ ಮೇಲೆ ಅವಳು ಬಿದ್ದ ಸ್ಕ್ರೂ ಹುಡುಕುವವಳ ಹಾಗೆ ಮೇಜಿನ ಕೆಳಗೆ ಹೋಗಿ ಕೂತಳು. ಹೊಸ ಕೂಲರಿನ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಕೀಳದೆ ಕೂರಿಸಿದರೆ ಪ್ರೊಸೆಸರಿನ ಬಿಸಿ ಹೊರಗೆ ಹೋಗುವುದಿಲ್ಲ. ಇದು ಈ ಕೆಲಸದ ಅ ಆ ಇ ಈ. ಹಾಗೇ ಬಿಟ್ಟು ಬಂದ ಗಿರಾಕಿಗಳನ್ನು ಅವಳು ಎಷ್ಟೋ ಸಲ ಆಡಿಕೊಂಡಿದ್ದಳು. ಈಗ ತನ್ನದೇ ಕೈತಪ್ಪಿಗೆ ಒಬ್ಬ ಮನುಷ್ಯನನ್ನು ಊರ ಬಾಯಿಗೆ ಹಾಕಿದ್ದಳು. ಮುಖ ಬೆಂಕಿಯಾಯಿತು.

ಆ ಸಾಯಂಕಾಲವೇ ಅವನ ಮನೆಗೆ ಹೋದಳು. ಬಾಗಿಲು ತೆಗೆದವನ ಕೈಯಲ್ಲಿ ಮಕ್ಕಳ ಚಿತ್ರಗಳ ಕಟ್ಟು. ಅವಳನ್ನು ಕಂಡು ಅವನಿಗೆ ಎಲ್ಲ ಅರ್ಥವಾಯಿತು.

"ಅಕ್ಕ ಬಾಯಿ ಬಿಟ್ಲಾ?"

"ನೀವ್ಯಾಕೆ ಬಿಡಲಿಲ್ಲ?" ಎಂದಳು ಅವಳು. "ಒಂದು ಮಾತು ಹೇಳಿದ್ರೆ ಎಲ್ಲ ತಪ್ಪೂ ನನ್ನ ತಲೆ ಮೇಲೆ ಬರ್ತಿತ್ತು."

"ಅದಕ್ಕೇ. ನಿಮ್ಮ ಕೈಗುಣ ನಂಬಿಯೇ ಅಂಗಡಿ ನಡೀತಿರೋದು. ನನ್ನದೇನು, ಮಕ್ಕಳು ನಾಲ್ಕು ದಿನ ನಗ್ತಾರೆ, ಸುಮ್ಮನಾಗ್ತಾರೆ."

"ಹಾಗಾದ್ರೆ ಭಾನುವಾರ ಬರೋದು ಯಾಕೆ ಬಿಟ್ರಿ?"

ಅವನು ಚಿತ್ರಗಳ ಅಂಚು ಸರಿಮಾಡುತ್ತ ನಿಂತ. ಸರಿಯಾಗಿದ್ದ ಅಂಚನ್ನೇ ಮತ್ತೆ ಸರಿಮಾಡಿದ.

"ಬೇರೆಯವರು ನಕ್ಕಿದ್ದು ನನಗೇನೂ ಅನ್ನಿಸಲಿಲ್ಲ. ನೀವು ನಕ್ಕಿದ್ದು..."

ಅವಳು ತಲೆ ಎತ್ತಲಾರದೆ ಅವನ ಚಪ್ಪಲಿಯನ್ನೇ ನೋಡಿದಳು. ಸಾರಿ ಎನ್ನುವುದು ಎಷ್ಟು ಸಣ್ಣ ಮಾತು ಎಂದು ಅವಳಿಗೆ ಆಗ ಗೊತ್ತಾಯಿತು.

"ಈ ಭಾನುವಾರ ಮೆಷಿನ್ ತಗೊಂಡು ಬನ್ನಿ. ನನಗೋಸ್ಕರ," ಎಂದಳು.

"ಬೇಡ. ಇದನ್ನ ಇಲ್ಲಿಗೇ ಬಿಟ್ಟುಬಿಡಿ."

"ಬಿಟ್ರೆ ನನಗೆ ನಿದ್ದೆ ಬರಲ್ಲ ಮೇಷ್ಟ್ರೇ."

ಅವನು ಬಂದ. ಮಹಡಿ ಕೋಣೆಯಲ್ಲಿ 'ಆರಿದ ಮೇಷ್ಟ್ರು ಬಂದ್ರು' ಎಂಬ ಪಿಸುಮಾತು, ಕಿಸಕ್ಕನೆ ನಗು. ಅವಳು ಎದ್ದು ನಿಂತಳು. ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದರು. ಅವರನ್ನು ನೋಡಿದರೆ ಧೈರ್ಯ ಸಾಲದೆಂದು ಔಷಧಿ ಅಂಗಡಿಯವನ ಕಡೆ ತಿರುಗಿದಳು.

"ಅವತ್ತಿನ ಹಾಗೇ ಮೊಬೈಲ್ ಹಿಡಿಯಪ್ಪ. ಇದನ್ನೂ ಎಲ್ಲರಿಗೂ ಕಳಿಸು."

ಆಮೇಲೆ ಸುತ್ತುಬಳಸದೆ ಹೇಳಿದಳು. ಹಾಳೆ ಕೀಳದೆ ಕೂಲರ್ ಕೂರಿಸಿದ್ದು ತಾನು, ಬಿಸಿ ಹಾಗೆ ಏರಿದಾಗ ಅನುಮಾನ ಬಂದರೂ ನಕ್ಕಿದ್ದು ತಾನು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ತನ್ನ ಮಾನ ಕಾಪಾಡಿದ್ದು ಮೇಷ್ಟ್ರು.

"ಪ್ಲಾಸ್ಟಿಕ್ ಹಾಳೇನಾ? ಡಾಕ್ಟರಮ್ಮಾನೇ?" ಯಾರೋ ಗಹಗಹಿಸಿದರು. ಇಡೀ ಕೋಣೆ ನಕ್ಕಿತು. ಆ ನಗು ಮೈಮೇಲೆ ಬಿಸಿನೀರು ಸುರಿದಂತಿತ್ತು. ಅವಳು ಓಡದೆ ನಿಂತಳು. ನಗದೆ ಇದ್ದವನು ಒಬ್ಬನೇ. ಅವನು ಬಗ್ಗಿ ಮೆಷಿನ್ನಿನ ಸ್ವಿಚ್ ಒತ್ತಿದ, ಎಲ್ಲರ ಕಣ್ಣೂ ಅವಳಿಂದ ಮಾನಿಟರಿನ ಕಡೆಗೆ ಹೊರಳಲಿ ಎಂದು.

ಐದೂವರೆ ದಾಟಿತು. ಐದು ಪಾಯಿಂಟ್ ಎಂಟು. ಒಂಬತ್ತು. ಅಲ್ಲಿ ನಿಂತುಬಿಟ್ಟಿತು. ಏನು ಮಾಡಿದರೂ ಆರು ಮುಟ್ಟಲಿಲ್ಲ.

"ಮೀಸೆಯಿಂದ ಬಚಾವಾದ್ರಿ," ಎಂದ ಮೇಷ್ಟ್ರು. ಈ ಸಲ ನಕ್ಕವರು ಅವನ ಜೊತೆ ನಕ್ಕರು.

ಎಲ್ಲರೂ ಟೀಗೆ ಕೆಳಗಿಳಿದರು. ಅಪ್ಪ ಹೋಗುವ ಮುಂಚೆ ಮಗಳ ತಲೆಯ ಮೇಲೊಮ್ಮೆ ಕೈಯಿಟ್ಟು ಇಳಿದರು. ಕೋಣೆಯಲ್ಲಿ ಇಬ್ಬರೇ ಉಳಿದರು.

"ಹಾಳೆ ಯಾಕೆ ಮರೆತೆ ಅಂತ ನೀವು ಕೇಳಲೇ ಇಲ್ಲ," ಎಂದಳು ವೈರು ಸುತ್ತುತ್ತ.

"ಯಾಕೆ ಮರೆತ್ರಿ?"

"ನಾನು ಕೂಲರ್ ನೋಡ್ತಿರಲಿಲ್ಲ."

"ಮತ್ತೇನು ನೋಡ್ತಿದ್ರಿ?"

"ಎಲ್ಲಾ ಬಾಯಿಬಿಟ್ಟು ಹೇಳಿಸಬೇಕಾ? ಇವತ್ತು ಹೋದ ಮರ್ಯಾದೆ ಸಾಲದಾ?"

ಅವನು ಅವಳ ಕೈಯಿಂದ ವೈರನ್ನು ಮೆಲ್ಲಗೆ ಬಿಡಿಸಿಕೊಂಡ. ಕಿವಿಯ ತುದಿ ಮತ್ತೆ ಕೆಂಪಾಗಿತ್ತು.

"ಹಾಗಾದ್ರೆ ನನ್ನ ತಪ್ಪೂ ಕೇಳಿ. ಟಾರ್ಚ್ ಹಿಡಿದಿದ್ದವನು ನಾನು. ಬೆಳಕು ಬಿಟ್ಟಿದ್ದೇ ಕೂಲರಿನ ತಳಕ್ಕೆ. ಫಳಫಳ ಅನ್ನೋ ಹಾಳೆ ನನಗಾದ್ರೂ ಕಾಣಬೇಕಿತ್ತಲ್ವಾ?"

ಅವಳು ತಲೆಯೆತ್ತಿದಳು.

"ಕಾಣಲಿಲ್ಲ," ಎಂದ.

ನಾಚಿಕೆಗೆ ಇನ್ನೊಂದು ಮುಖವೂ ಇದೆಯೆಂದು ಅವಳಿಗೆ ಅಂದು ತಿಳಿಯಿತು. ಮೊದಲಿನದು ಇನ್ನೂ ಎದೆಯಲ್ಲಿ ಚುಚ್ಚುತ್ತಲೇ ಇತ್ತು, ಬೇಗ ಹೋಗುವಂಥದ್ದೂ ಅಲ್ಲ. ಅದರ ಪಕ್ಕದಲ್ಲೇ ಈ ಹೊಸದು ಬೆಚ್ಚಗೆ ಬಂದು ಕೂತಿತು.

ಕೆಳಗಿನಿಂದ ಅಪ್ಪ, ಟೀ ಆರುತ್ತಿದೆಯೆಂದು ಕೂಗಿದರು. ಅವಳು ಅವನ ತೋಳಿನ ಅಂಗಿ ಹಿಡಿದು ಮೆಟ್ಟಿಲ ಕಡೆಗೆ ಎಳೆದಳು.

"ನಡಿ. ಅಪ್ಪನ ಹತ್ರ ಮಾತಾಡು."

ಅಲ್ಲಿಯವರೆಗೆ ಅವಳು ಅವನಿಗೆ ಒಂದು ಸಲವೂ 'ನಡಿ' ಅಂದವಳಲ್ಲ. ಮೇಷ್ಟ್ರು ಅದನ್ನು ಗಮನಿಸಿ ಅವಳ ಹಿಂದೆ ಮೆಟ್ಟಿಲಿಳಿದ.